ಒಮ್ಮೆ ಮಾತ್ರ ಕೇಳುವ ಮನುಷ್ಯ

ನಮ್ಮ ಮನೆಯಲ್ಲಿ ‘ಬೇಕು’ ಅನ್ನುವುದು ಬೈಗುಳಕ್ಕಿಂತ ಕೀಳಾದ ಮಾತಾಗಿತ್ತು. ಹೊಟ್ಟೆ ಹಸಿದಿದ್ದರೂ ಒಲ್ಲೆ, ಗಂಟಲು ಒಣಗಿದ್ದರೂ ಒಲ್ಲೆ, ಯಾರಾದರೂ ಹೊಸ ಸೀರೆ ಮುಂದೆ ಹಿಡಿದು ಉಡ್ತೀಯೇನು ಅಂದರೂ ಮೊದಲ ಮಾತು ಒಲ್ಲೆ. ಅದನ್ನು ನಿರಾಕರಣೆ ಅಂತ ನಮ್ಮ ಗದಗ-ಬೆಟಗೇರಿಯಲ್ಲಿ ಯಾರೂ ತಿಳಿಯುತ್ತಿರಲಿಲ್ಲ. ಮಾತು ಶುರು ಮಾಡುವ ರೀತಿ ಅದು, ಅಷ್ಟೇ. ಕೇಳಿದವರು ಮತ್ತೆ ಕೇಳಬೇಕು, ನಾವು ಮತ್ತೆ ಒಲ್ಲೆ ಅನ್ನಬೇಕು, ಅವರು ನಮ್ಮ ಮೇಲೆ ಆಣೆ ಹಾಕಬೇಕು. ಆಗ ನಾವು ಅವರ ಮೇಲೆ ದೊಡ್ಡ ಉಪಕಾರ ಮಾಡುವವರಂತೆ ಮುಖ ಮಾಡಿ, “ಇಷ್ಟ ಅನ್ನಾಕತ್ತೀರಂದ್ರ ಆತ ಬಿಡ್ರಿ” ಅನ್ನಬೇಕು. ಮೊದಲ ಸಲಕ್ಕೇ ಹೂಂ ಅಂದುಬಿಡುವವರನ್ನು ಅತ್ತೆ ‘ಬರಗೆಟ್ಟವರು’, ಅಂದರೆ ಬರಗಾಲದಲ್ಲಿ ಹಸಿದು ಬಂದವರು, ಎಂದು ಕರೆಯುತ್ತಿದ್ದಳು. ಅವಳ ಬಾಯಲ್ಲಿ ಅದಕ್ಕಿಂತ ಕೆಟ್ಟ ಬೈಗುಳ ನಾನು ಕೇಳಿಲ್ಲ.

ಅತ್ತೆ ಅಂದರೆ ಅಪ್ಪನ ಅಕ್ಕ. ನಾನು ಅಂಬೆಗಾಲಿಡುವಾಗಲೇ ನನ್ನ ಹೆತ್ತವ್ವ ತೀರಿಕೊಂಡಳು. ಅಷ್ಟು ಹೊತ್ತಿಗೆ ಗಂಡನನ್ನು ಕಳಕೊಂಡು ತವರಿಗೆ ಬಂದಿದ್ದ ಅತ್ತೆಯೇ ನನ್ನನ್ನು ಎತ್ತಿ ಆಡಿಸಿ, ಬೈದು, ಬಡಿದು ಬೆಳೆಸಿದಳು. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಊರಿಗೆ ಬೆಂಕಿ ಬಿದ್ದರೂ ಏಳದ ಮನುಷ್ಯ. ಅವನು ಸೀರೆ ನೇಯುವುದು, ನಾನು ರಾಟೆ ತಿರುವಿ ಅವನಿಗೆ ಕಂಡಿಕೆಗೆ ನೂಲು ಸುತ್ತಿ ಕೊಡುವುದು, ಅತ್ತೆ ಸೀರೆಯ ಗಂಟು ಹೊತ್ತು ಮಾರಿ ಬರುವುದು, ಇದು ನಮ್ಮ ಸಂಸಾರ. ಮನೆಯ ದೊಡ್ಡ ತೀರ್ಮಾನಗಳೆಲ್ಲ ಅತ್ತೆಯ ಬಾಯಿಂದಲೇ ಬರಬೇಕು. ಅವಳು ಹೂಂ ಅಂದದ್ದಕ್ಕೆ ಅಪ್ಪ ಊಹೂಂ ಅಂದದ್ದು ನಾನು ಕಂಡಿಲ್ಲ.

ಲಕ್ಷ್ಮೇಶ್ವರದ ಸಂತೆಯಲ್ಲಿ ಅತ್ತೆಯ ಹೆಸರು ದೊಡ್ಡದು. ಉಳಿದವರು ಗಿರಾಕಿ ಬಂದರೆ ಸೀರೆಯ ಮಡಿಕೆ ಬಿಚ್ಚಿ ಗಾಳಿಗೆ ಹಾರಿಸಿ ಕರೆಯುತ್ತಿದ್ದರೆ, ಇವಳು ಗಂಟಿನ ಮೇಲೆ ಕೈಯಿಟ್ಟುಕೊಂಡು ಆಕಾಶ ನೋಡುತ್ತ ಕೂರುತ್ತಿದ್ದಳು. ಗಿರಾಕಿ ತಾನಾಗಿ ಕೇಳಿದರೆ, “ಅದನ್ನ ಮಾರಾಕ ತಂದಿಲ್ಲವ್ವಾ, ನಮ್ಮ ಹುಡುಗಿಗೆ ಇಟ್ಟೇನಿ” ಅನ್ನುವಳು. ಅಷ್ಟು ಸಾಕು, ಆ ಹೆಂಗಸಿಗೆ ಅದೇ ಸೀರೆ ಬೇಕು, ಜಗತ್ತಿನಲ್ಲಿ ಬೇರೆ ಸೀರೆಯೇ ಇಲ್ಲ. ನನಗೆ ಇಟ್ಟ ಸೀರೆಗಳು ಹೀಗೆ ಎಷ್ಟು ಮಾರಾಟವಾದವೋ ಲೆಕ್ಕವಿಲ್ಲ. ಶಿರಹಟ್ಟಿಗೆ ಕೊಟ್ಟ ನನ್ನ ಚಿಕ್ಕಪ್ಪನ ಮಗಳ ಮದುವೆಯನ್ನೂ ಅತ್ತೆ ಹೀಗೆಯೇ ಕುದುರಿಸಿದ್ದಳು. ಗಂಡಿನವರು ಬಂದು ಕೂತರೆ ಹುಡುಗಿಯ ಮಾತೇ ಎತ್ತದೆ ಮಳೆ ಬೆಳೆ ಮಾತಾಡಿ, ಕೊನೆಗೆ ಅವರೇ, “ಹುಡುಗೀನ ಕೊಡ್ತೀರೋ ಇಲ್ಲೋ?” ಎಂದು ಗಾಬರಿ ಬಿದ್ದು ಕೇಳುವಂತೆ ಮಾಡಿದ್ದಳು.

ಅವಳಿಗೆ ಸರಿಸಾಟಿ ಇದ್ದವಳು ಒಬ್ಬಳೇ. ನಮ್ಮ ಓಣಿಗೆ ಬಳೆ ಮಾರಲು ಬರುತ್ತಿದ್ದ ಸಾಬರ ಹೆಂಗಸು. ಎಲ್ಲರೂ ಖಾಲಾ ಎಂದೇ ಕರೆಯುತ್ತಿದ್ದೆವು. ಖಾಲಾ ಕಟ್ಟೆಯ ಮೇಲೆ ಬುಟ್ಟಿ ಇಳಿಸಿದರೆ ಅತ್ತೆ ಅತ್ತ ಕಣ್ಣು ಹಾಯಿಸುತ್ತಿರಲಿಲ್ಲ.

“ಒಲ್ಲೆವ್ವಾ. ಹುಡುಗಿಗೆ ಬಳಿ ರಗಡ ಅದಾವ. ನೀರ ಬೇಕಾದ್ರ ಕುಡದ ಹೋಗು.”

“ನಿನಗ ಮಾರಾಕ ಯಾರ ಬಂದಾರ? ಬಿಸಲ ಐತಂತ ಕುಂತೇನಿ.”

ಆಮೇಲೆ ಇಬ್ಬರೂ ನಳದ ನೀರು, ಯಾರದೋ ಮಗುವಿನ ಕೆಮ್ಮು, ಹುಬ್ಬಳ್ಳಿಯಿಂದ ಬಂದ ಯಾರದೋ ಸೊಸೆ, ಎಲ್ಲ ಮಾತಾಡುವರು, ಬಳೆಯೊಂದನ್ನು ಬಿಟ್ಟು. ನಾನು ಬುಟ್ಟಿಯಲ್ಲಿದ್ದ ಬಂಗಾರದ ಚುಕ್ಕಿಯ ಹಸಿರು ಬಳೆ ನೋಡುತ್ತ ಜೀವ ಬಿಡುತ್ತಿದ್ದೆ. ಕೊನೆಗೆ ಖಾಲಾ ನಿಧಾನಕ್ಕೆ ಬುಟ್ಟಿ ಕಟ್ಟಿ, ಎದ್ದು, ಓಣಿಯ ತುದಿಗೆ ನಡೆದುಬಿಡುವಳು. ನನಗೆ ಅಳು. ಅತ್ತೆ ಹಲ್ಲು ಕಚ್ಚಿ, “ತಿರಗಿ ನೋಡಿದ್ರ ಕಾಲ ಮುರೀತೇನಿ” ಅನ್ನುವಳು. ಸ್ವಲ್ಪ ಹೊತ್ತಿಗೆ ಖಾಲಾ ಹೊರಳಿ ಬರುವಳು: “ನನ್ನ ಎಲಿ ಅಡಿಕಿ ಚೀಲ ಇಲ್ಲೇ ಬಿಟ್ನೇನ?” ಚೀಲ ಅವಳ ಸೊಂಟದಲ್ಲೇ ತೂಗುತ್ತಿರುತ್ತಿತ್ತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಸಿರು ಬಳೆ ನನ್ನ ಕೈಯಲ್ಲಿ. ಇಬ್ಬರ ಮುಖದಲ್ಲೂ ಊಟವಾದ ತೃಪ್ತಿ. ಒಂದು ದಿನ ಅತ್ತೆ ಮೊದಲ ಮಾತಿಗೇ ಬಳೆ ಕೊಂಡುಬಿಟ್ಟಿದ್ದರೆ ಖಾಲಾಗೆ ಅವಮಾನವಾಗುತ್ತಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಇಂಥ ಮನೆಗೆ ಅವನು ಬಂದ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ತೊಳೆದರೆ ಬಿಡದ ಹೊಸ ಬಣ್ಣಗಳನ್ನು ನೂಲಿಗೆ ಹಾಕುವುದನ್ನು ಕಲಿಸಲು ನೇಕಾರರ ಸಂಘದವರು ಮೈಸೂರು ಕಡೆಯಿಂದ ಒಬ್ಬ ಬಣ್ಣದ ಮಾಸ್ತರನನ್ನು ಕರೆಸಿದ್ದರು. ಗದಗಿನವರಿಗೆ ತುಂಗಭದ್ರೆ ದಾಟಿದರೆ ಎಲ್ಲವೂ ಮೈಸೂರು ಕಡೆಯೇ, ಅವನ ಊರು ನಿಜವಾಗಿ ಯಾವುದು ಅಂತ ಯಾರೂ ಕೇಳಲಿಲ್ಲ. ನಮ್ಮ ಅಂಗಳ ದೊಡ್ಡದಿತ್ತು, ಬಾವಿಯೂ ಇತ್ತು. ಹಾಗಾಗಿ ಓಣಿಯವರ ನೂಲೆಲ್ಲ ನಮ್ಮಲ್ಲೇ ಬಣ್ಣಕ್ಕೆ ಅದ್ದುವುದೆಂದು ತೀರ್ಮಾನವಾಯಿತು. ತೆಳ್ಳನೆಯ ಎತ್ತರದ ಹುಡುಗ. ಮೊಣಕೈವರೆಗೆ ಬಣ್ಣ, ಒಂದು ವಾರ ನೀಲಿ ಕೈ, ಇನ್ನೊಂದು ವಾರ ಕೆಂಪು ಕೈ. ನಕ್ಕರೆ ಅಂಗಳಕ್ಕೆಲ್ಲ ಕೇಳುತ್ತಿತ್ತು.

ಮೊದಲ ದಿನವೇ ಅನಾಹುತ. ಅತ್ತೆ ವಾಡಿಕೆಯಂತೆ, “ಚಾ ಮಾಡಲೇನ್ರಿ?” ಅಂದಳು.

“ಮಾಡಿ. ಸಕ್ಕರೆ ಸ್ವಲ್ಪ ಕಮ್ಮಿ ಇರ್ಲಿ” ಅಂದ ಅವನು.

ಅತ್ತೆ ನಿಂತಲ್ಲೇ ನಿಂತಳು. ಮಗ್ಗದ ಸದ್ದು ಕೂಡ ಒಂದು ಗಳಿಗೆ ನಿಂತಿತು. ಒಲ್ಲೆ ಇಲ್ಲ, ಈಗ ಕುಡಿದು ಬಂದೆ ಇಲ್ಲ, ನಿಮಗ್ಯಾಕೆ ತ್ರಾಸು ಇಲ್ಲ. ಒಳಗೆ ಬಂದು ಅತ್ತೆ ನನ್ನ ಕಿವಿಯಲ್ಲಿ, “ಪಾಪ, ಬರಗೆಟ್ಟಾನ” ಅಂದಳು. ಆ ಮೇಲೆ ಕರುಣೆ ಉಕ್ಕಿ ಅವನನ್ನು ಊಟಕ್ಕೆ ಕೂರಿಸಿದಳು. ಎರಡು ರೊಟ್ಟಿ ತಿಂದು ಅವನು, “ಸಾಕು, ಬೇಡ” ಅಂದ. ಅತ್ತೆಯ ಮುಖ ಅರಳಿತು. ಅಂತೂ ರೀತಿ ನೀತಿ ಗೊತ್ತಿದೆ ಹುಡುಗನಿಗೆ! ಇನ್ನೊಂದು ರೊಟ್ಟಿ ಹಾಕಿದಳು. ಅನ್ನ ಚೆಲ್ಲಬಾರದು ಅಂತ ಅವನು ಕಷ್ಟಪಟ್ಟು ತಿಂದ. “ಬೇಡ ಅಮ್ಮಾ, ನಿಜವಾಗ್ಲೂ ಬೇಡ.” ಇಷ್ಟು ಚೆನ್ನಾಗಿ ಒಲ್ಲೆ ಅನ್ನುವವರನ್ನು ಅತ್ತೆ ಎಂದೂ ಕಂಡಿರಲಿಲ್ಲ, ಸಂತೋಷದಿಂದ ಮತ್ತೊಂದು ಹಾಕಿದಳು. ಮರುದಿನ ಅವನು ಕೆಲಸಕ್ಕೆ ಬರಲಿಲ್ಲ. ಹೊಟ್ಟೆ ಕೆಟ್ಟು ಮಲಗಿದ್ದಾನೆ ಅಂತ ಖಾಲಾ ಬಂದು ಹೇಳಿದಳು. ಅವಳ ಮನೆಯ ಹಿಂದಿನ ಕೋಣೆಯಲ್ಲೇ ಅವನು ಬಾಡಿಗೆಗಿದ್ದ.

ನನಗೆ ಅವನು ಆ ದಿನವೇ ಮನಸ್ಸಿಗೆ ಬಂದ. ಯಾಕೆಂದು ಕೇಳಿದರೆ, ಆ ‘ಮಾಡಿ’ ಅಂದದ್ದಕ್ಕೇ. ಬೇಕಾದದ್ದನ್ನು ಬೇಕು ಅನ್ನುವ ಗಂಡಸನ್ನು ನಾನು ಅವತ್ತೇ ಮೊದಲು ನೋಡಿದ್ದು. ಯಾರೋ ನಮ್ಮ ಮನೆಯ ಕಿಟಕಿ ತೆಗೆದ ಹಾಗಾಯಿತು.

ಆದರೆ ನಾನು ಅತ್ತೆಯ ಕೈಯಲ್ಲಿ ಬೆಳೆದವಳು. ಅವನು ಅಂಗಳಕ್ಕೆ ಬಂದರೆ ಬೆನ್ನು ತಿರುವಿ ರಾಟೆಯ ಮುಂದೆ ಕೂರುತ್ತಿದ್ದೆ. ಮಾತಾಡಿಸಿದರೆ ‘ಹೂಂ’, ‘ಊಹೂಂ’ ಅಷ್ಟೇ. ಒಳ್ಳೆಯ ಸೀರೆ ಉಟ್ಟು ಕೂತಿರುತ್ತಿದ್ದೆ, ಅವನು “ಹೊಸದಾ?” ಅಂದರೆ, “ಹಳೇದ್ರಿ, ಹರದೈತಿ” ಅನ್ನುತ್ತಿದ್ದೆ. ಮುಖವನ್ನೇನೋ ಬಿಗಿ ಹಿಡಿಯಬಹುದು, ಕೈಯನ್ನು ಹಿಡಿಯುವುದು ಹೇಗೆ? ಅವನ ಚಪ್ಪಲಿಯ ಸದ್ದು ಕೇಳಿದರೆ ಸಾಕು, ರಾಟೆ ತಾನಾಗಿ ಜೋರಾಗುತ್ತಿತ್ತು. ನೂಲು ಪಟ್ಟನೆ ಹರಿಯುತ್ತಿತ್ತು. ಗಂಟು ಹಾಕಿದರೆ ಮತ್ತೆ ಹರಿಯುತ್ತಿತ್ತು. ಅಪ್ಪ ಕುಣಿಯಿಂದ, “ಈ ಸಲದ ನೂಲ ಭಾಳ ಖರಾಬ ಬಂದೈತಿ” ಅಂತ ಸಂಘದವರನ್ನು ಬೈಯುತ್ತಿದ್ದ.

ಅತ್ತೆಗೆ ನೂಲಿನ ಸಂಗತಿ ತಿಳಿಯದೆ ಇರುತ್ತದೆಯೆ? ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತ, ಮೊರದಿಂದ ಕಣ್ಣೆತ್ತದೆ ಹೇಳಿದಳು:

“ಹುಡುಗ ಚಲೋ ಅದಾನ. ವಿಚಾರಿಸೇನಿ. ನಮ್ಮ ಕುಲದವರ, ನೇಕಾರರ ಪೈಕಿನ. ನಿನ್ನ ಮ್ಯಾಲ ಮನಸ್ಸೂ ಐತಿ ಅವಗ.”

ನಾನು ಮೊರದ ಹತ್ತಿರ ಸರಿದೆ. “ಮತ್ತ?”

“ಮತ್ತೇನು, ನೀ ನೋಡಬ್ಯಾಡ. ಅವ ಕೇಳಿದ್ರ ಲಗೂನ ಹೂಂ ಅನಬ್ಯಾಡ. ನಾಳಿ ಮಾತ ಮಾತಿಗೆ ‘ನೀನಾಗೇ ಬಂದಿ’ ಅಂತ ಆಡಿ ತೋರಸ್ತಾನ. ಕಾಯಿಸು.”

ಅವನು ಕೇಳಿದ. ದೀಪಾವಳಿಗೆ ಮುಂಚಿನ ದಿನಗಳು, ಅಂಗಳದಲ್ಲಿ ಹಂಡೆ ಕುದಿಯುತ್ತಿತ್ತು. ಕುಂಕುಮದ ಬಣ್ಣದ ನೂಲಿನ ಲಡಿಗಳನ್ನು ಕೋಲಿನಲ್ಲಿ ಎತ್ತಿ ಹಗ್ಗಕ್ಕೆ ಹಾಕುತ್ತಿದ್ದ. ಅತ್ತೆ ಒಳಗಿದ್ದಳು. ಅವನು ಕೋಲು ಕೆಳಗಿಟ್ಟು, ಕೆಂಪು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನನ್ನ ರಾಟೆಯ ಎದುರು ಬಂದು ನಿಂತ.

“ನಿಮ್ಮ ಅತ್ತೆಯವರನ್ನ ಕೇಳೋಕೆ ಮುಂಚೆ ನಿಮ್ಮನ್ನ ಕೇಳ್ಬೇಕು ಅನ್ನಿಸ್ತು. ನಿಮಗೆ ಇಷ್ಟ ಇದ್ರೆ ನಾವಿಬ್ರೂ ಮದುವೆ ಆಗೋಣ. ಇಷ್ಟ ಇಲ್ದಿದ್ರೂ ಪರವಾಗಿಲ್ಲ. ಹೇಳ್ಬಿಡಿ.”

ನಾನು ಏನು ಹೇಳಲಿ, ಆ ಗಳಿಗೆಯ ಸುಖವನ್ನು! ಕಿವಿಯಲ್ಲೆಲ್ಲ ಗುಂಯ್ ಅನ್ನುತ್ತಿತ್ತು. ಅಂಗಳ, ಬಾವಿ, ಹಗ್ಗದ ಮೇಲಿನ ಕೆಂಪು ನೂಲು ಎಲ್ಲವೂ ಒಮ್ಮೆಲೇ ಕಣ್ಣಿಗೆ ಬಂದವು. ಮತ್ತು ನನ್ನ ಬಾಯಿ, ಹುಟ್ಟಿದಂದಿನಿಂದ ಕಲಿತದ್ದನ್ನು ಅಚ್ಚುಕಟ್ಟಾಗಿ ಹೇಳಿತು:

“ಒಲ್ಲೆ.”

ಅವನು ಬೆನ್ನ ಹಿಂದಿನ ಕೆಂಪು ಕೈಗಳನ್ನು ಮುಂದೆ ತಂದು ಮುಗಿದ. ಆಮೇಲೆ, “ಕ್ಷಮಿಸಿ. ಇನ್ಯಾವತ್ತೂ ಕೇಳಲ್ಲ” ಅಂದು ಹಂಡೆಯ ಕಡೆ ಹೋದ. ಅದನ್ನೂ ನಾನು ಆಟದ ಒಂದು ಮಾತೆಂದೇ ತಿಳಿದೆ. ‘ನಿನಗ ಮಾರಾಕ ಯಾರ ಬಂದಾರ’ ಅಂದ ಖಾಲಾ ಕೂಡ ಓಣಿಯ ತುದಿಯಿಂದ ಹೊರಳಿ ಬರುತ್ತಿರಲಿಲ್ಲವೆ? ಓಡುತ್ತ ಒಳಗೆ ಹೋಗಿ ಅತ್ತೆಯನ್ನು ತಬ್ಬಿಕೊಂಡೆ.

“ಕೇಳ್ಯಾನತ್ತೀ! ಕೇಳ್ಯಾನ!”

“ನೀ ಏನಂದಿ?”

“ಒಲ್ಲೆ ಅಂದೆ.”

“ನನ್ನ ಬಂಗಾರ!” ಅಂದಳು ಅತ್ತೆ. ಡಬ್ಬಿ ತೆಗೆದು ಬೆಲ್ಲದ ತುಣುಕು ನನ್ನ ಬಾಯಿಗೆ ಹಾಕಿದಳು. ಇಬ್ಬರೂ ಅಡುಗೆಮನೆಯಲ್ಲಿ ಸದ್ದಾಗದಂತೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ಹೊರಗೆ ಅವನು ಒಬ್ಬನೇ ಹಂಡೆಯ ಬೆಂಕಿ ಆರಿಸುತ್ತಿದ್ದ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ನೂಲು ಕೊಡಲು ಸಂಘದ ಒಬ್ಬ ಮುದುಕ ಬಂದು ಹೋದ. ನನಗೆ ಚಡಪಡಿಕೆ ಶುರುವಾಯಿತು. ಅತ್ತೆಗೆ ಮಾತ್ರ ಹಬ್ಬ.

“ಬಿಗಿ ಹಿಡದಾನ! ಶಾಣ್ಯಾ ಅದಾನ ಹುಡುಗ. ನಾ ತಿಳಕೊಂಡಂಗ ಭೋಳೆ ಅಲ್ಲ. ನಮಗಿಂತ ಒಂದ ಕೈ ಮ್ಯಾಲ.”

“ಖರೇನ ಸಿಟ್ಟಾಗಿದ್ರ?”

“ಸಿಟ್ಟ ಯಾಕ ಆಗ್ತಾನ? ಓಣಿ ತುದಿ ಮಟ ಹೋಗ್ಯಾನ, ಅಷ್ಟ. ತಿರಗತಾನ ತಡಿ.”

ಒಂದು ಸಲ ಗದಗಿನ ಬಜಾರಿನಲ್ಲಿ ಎದುರಿಗೇ ಸಿಕ್ಕ. ನಮ್ಮನ್ನು ಕಂಡು ದಾರಿ ದಾಟಿ ಬಂದ, ಕೈ ಮುಗಿದ. ಅತ್ತೆ ನನ್ನ ಮೊಣಕೈ ಚಿವುಟಿ ಬಾಳೆಹಣ್ಣಿನ ಗಾಡಿಯ ಕಡೆ ತಿರುಗಿಸಿದಳು. ನಾನು ಬಾಳೆಗೊನೆಯನ್ನು ಹುಟ್ಟಿದ ಮೇಲೆ ಮೊದಲ ಸಲ ಕಂಡವಳಂತೆ ನೋಡುತ್ತ ನಿಂತೆ. ಹೊರಳಿ ನೋಡುವುದರೊಳಗೆ ಅವನು ಜನರೊಳಗೆ ಮರೆಯಾಗಿದ್ದ. “ನೋಡಿದ್ಯಾ, ತಾನಾಗೇ ಬಂದ” ಅಂತ ಅತ್ತೆ ಗೆದ್ದವಳಂತೆ ಹೇಳಿದಳು. ನನಗೆ ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅಳಬೇಕೆನಿಸಿತು.

ದೀಪಾವಳಿ ಕಳೆದು ಒಂದು ಬೆಳಿಗ್ಗೆ ಖಾಲಾ ಬಂದಳು. ಬುಟ್ಟಿ ಇರಲಿಲ್ಲ. ಕಟ್ಟೆಯ ಮೇಲೆ ಕೂರಲೂ ಇಲ್ಲ. ಸೀದಾ ಒಳಗೆ ಬಂದು ಅತ್ತೆಯ ಮುಂದೆ ನಿಂತು ಕೇಳಿದಳು.

“ಮಾಸ್ತರ ಹ್ವಾದ. ನಿಮಗ ಖಬರ ಐತೋ ಇಲ್ಲೋ?”

“ಎಲ್ಲಿಗೆ ಹೋಗ್ತಾನ” ಅಂದಳು ಅತ್ತೆ, ಎಂದಿನ ಆಟದ ಧಾಟಿಯಲ್ಲೇ.

“ನಿನ್ನೆ ಗಂಟ ಕಟಗೊಂಡ ಮುಂಡರಗಿಗೆ ಹ್ವಾದ. ಅಲ್ಲಿ ಉಳದ ಕೆಲಸ ಇವತ್ತ ಮುಗಸ್ತಾನಂತ. ಸಂಜಿ ಬಸ್ಸಿಗೆ ಹೊಸಪೇಟಿ ಮ್ಯಾಲ ಹಾದು ತನ್ನ ಊರಿಗೆ. ಅವರವ್ವ ಅಲ್ಲೊಂದ ಹುಡುಗಿ ನೋಡಿ ಇಟ್ಟಾಳಂತ. ಇನ್ನ ಈ ಕಡೆ ಬರೂದಿಲ್ಲಂದ.”

ನನ್ನ ಕೈಯಿಂದ ಕಂಡಿಕೆಯ ಬುಟ್ಟಿ ಜಾರಿತು. ಖಾಲಾ ನನ್ನ ಕಡೆ ತಿರುಗಿದಳು.

“ನಾ ಕೇಳಿದೆ ಬೇಟಿ, ಯಾಕಪ್ಪಾ ಹೊಂಟಿ ಅಂತ. ‘ಅವರು ಒಲ್ಲೆ ಅಂದ್ರು’ ಅಂದ. ಎಷ್ಟ ಸಲ ಅಂದ್ಲು ಅಂತ ಕೇಳಿದ್ರ ನನ್ನ ಮಾರಿ ನೋಡಾಕತ್ತಿದ. ‘ಒಂದ್ಸಲ ಅಂದ್ರೆ ಸಾಲದಾ?’ ಅಂದ. ಯಾ ಅಲ್ಲಾ, ಏನ್ ಹೇಳಲಿ ನಾನು, ಅಷ್ಟರಾಗ ಬಸ್ ಬಂತು. ಅವ ನಮ್ಮ ಮನ್ಯಾಗ ಚಾ ಬೇಕಾದ್ರ ಬೇಕಂತಿದ್ದ, ಬ್ಯಾಡಾದ್ರ ಬ್ಯಾಡಂತಿದ್ದ. ಒಂದ ದಿನಾನೂ ಸುಳ್ಳ ಬ್ಯಾಡ ಅಂದಿಲ್ಲ. ಅಂಥಾವಗ ಒಲ್ಲೆ ಅಂದ್ರ ಏನ್ ತಿಳೀತೈತಿ?”

“ಅತ್ತೀ” ಎಂದು ನಾನು ಚೀರಿದೆ, “ಅವ ಬಿಗಿ ಹಿಡದಿದ್ದಲ್ಲ! ಅವ ಖರೇನ ಹೋಗ್ಯಾನ!”

ಅತ್ತೆಯ ಮುಖ ಬಿಳಿಚಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಇಷ್ಟು ದಿನ ತನಗಿಂತ ದೊಡ್ಡ ಆಟಗಾರ ಸಿಕ್ಕ ಅಂತ ಬೀಗುತ್ತಿದ್ದಳು. ಆ ಹುಡುಗನಿಗೆ ಆಟವೇ ಬರುತ್ತಿರಲಿಲ್ಲ ಅನ್ನುವುದು ಅವಳ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎದ್ದಳು. ಸೀರೆಯ ಗಂಟು ತೆಗೆದುಕೊಂಡಳು.

“ಏಳು. ಮುಂಡರಗಿಗೆ ಸೀರಿ ಮಾರಾಕ ಹೊಂಟೀವಂತ ಅಪ್ಪಗ ಹೇಳು.”

“ಸೀರಿ ಯಾಕ?”

“ಮತ್ತ? ಹುಡುಗನ್ನ ಹುಡಕ್ಕೊಂಡ ಬಂದ್ವಿ ಅಂತ ಡಂಗುರಾ ಹೊಡೀಲೇನು?”

ಗದಗಿನ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ನುಗ್ಗಿ ಹತ್ತಿದೆವು. ಕಿಟಕಿಯ ಹೊರಗೆ ಕರಿ ಹೊಲ, ಹತ್ತಿಯ ಬೆಳೆ, ಮತ್ತೆ ಕರಿ ಹೊಲ. ನನಗೆ ಬಸ್ಸನ್ನು ಇಳಿದು ಹಿಂದಿನಿಂದ ತಳ್ಳಬೇಕು ಅನ್ನಿಸುತ್ತಿತ್ತು. ಡಂಬಳದಲ್ಲಿ ಡ್ರೈವರ್ ಇಳಿದು ಚಹದ ಅಂಗಡಿಗೆ ಹೋಗಿ ಕಾಲು ಚಾಚಿ ಕೂತ. ಎಷ್ಟು ಹೊತ್ತಾದರೂ ಏಳಲಿಲ್ಲ. ಕಂಡಕ್ಟರ್ ನಮ್ಮ ಸೀಟಿನ ಹತ್ತಿರ ಬಂದು ಒಳ್ಳೆಯ ಮನಸ್ಸಿನಿಂದಲೇ ಕೇಳಿದ.

“ಏನ್ ಅವ್ವಾ, ಜಲ್ದಿ ಐತೇನು? ಇದ್ರ ಹೇಳು, ಅವನ್ನ ಎಬ್ಬಸ್ತೀನಿ.”

“ನಮಗೇನ್ ಜಲ್ದಿ” ಅಂದಳು ಅತ್ತೆ, ಕಿಟಕಿಯಾಚೆಯ ಕೆರೆಯ ಕಡೆ ನೋಡುತ್ತ. “ಆರಾಮ ಕುಡೀಲಿ ಬಿಡು.”

ಕಂಡಕ್ಟರ್ ತಾನೂ ಚಹಕ್ಕೆ ಹೊರಟ. ನನ್ನ ನೆತ್ತಿಗೆ ಏನೋ ಏರಿತು. ಸೀಟಿನ ಮೇಲೆ ಎದ್ದು ನಿಂತು, ಇಡೀ ಬಸ್ಸಿಗೆ ಕೇಳುವಂತೆ ಕೂಗಿದೆ.

“ಜಲ್ದಿ ಐತ್ರೀ! ನನಗ ಭಾಳ ಜಲ್ದಿ ಐತಿ!”

ಬಸ್ಸಿನ ಜನವೆಲ್ಲ ತಿರುಗಿ ನೋಡಿತು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮುಂದಿನ ಸೀಟಿನ ಮುದುಕನೊಬ್ಬ, “ಏ, ಹುಡುಗೀಗೆ ಜಲ್ದಿ ಐತಂತಪಾ, ಏಳೋ” ಎಂದು ಕಿಟಕಿಯಿಂದ ಡ್ರೈವರನಿಗೆ ಕೂಗಿದ. ಡ್ರೈವರ್ ಬಟ್ಟಲು ಇಟ್ಟು ಎದ್ದೇಬಿಟ್ಟ. ಇಷ್ಟೇ ಏನು? ಬಾಯಿ ಬಿಟ್ಟು ಹೇಳಿದರೆ ಬಸ್ಸೇ ಹೊರಡುತ್ತದೆಯೆ? ನನಗೆ ನಗುವೂ ಬಂತು, ಹುಮ್ಮಸ್ಸೂ ಬಂತು. ಮುಂಡರಗಿ ಬರುವವರೆಗೆ ನಾನು ಕೂರಲೇ ಇಲ್ಲ.

ಮುಂಡರಗಿಯಲ್ಲಿ ಸಂಘದವರು ಬಣ್ಣ ಅದ್ದುವ ಅಂಗಳ ಯಾವುದೆಂದು ಕೇಳಿಕೊಂಡು ಹೋದೆವು. ತಡಿಕೆಯ ಬಾಗಿಲು ತೆರೆದಿತ್ತು. ಹೊಸ್ತಿಲ ಪಕ್ಕದಲ್ಲಿ ಕಟ್ಟಿ ಇಟ್ಟ ಹಾಸಿಗೆಯ ಸುರುಳಿ, ಒಂದು ತಗಡಿನ ಪೆಟ್ಟಿಗೆ. ಒಳಗೆ ಹಂಡೆಯ ಹೊಗೆ. ನಾನು ಒಳಗೆ ನುಗ್ಗಬೇಕು ಅನ್ನುವಷ್ಟರಲ್ಲಿ ಅತ್ತೆ ನನ್ನ ರಟ್ಟೆ ಹಿಡಿದು ದಾರಿಯಲ್ಲೇ ನಿಲ್ಲಿಸಿ, ಎಂದೂ ಇಲ್ಲದ ರಾಗದಲ್ಲಿ ಶುರು ಮಾಡಿದಳು.

“ಸೀರೀ... ಬೆಟಗೇರಿ ಸೀರೀ...”

ಅವನು ಕೋಲು ಹಿಡಿದುಕೊಂಡೇ ಹೊರಗೆ ಬಂದ. ಕೈ ಅವತ್ತು ಹಸಿರು. ನಮ್ಮನ್ನು ಕಂಡು ಮುಖದಲ್ಲಿ ಒಮ್ಮೆ ಬೆಳಕು ಬಂದು ಹೋಯಿತು, ನಾನು ನೋಡಿದೆ.

“ನೀವಾ? ಬಿಸಿಲು ಜಾಸ್ತಿ ಇದೆ. ಒಳಗೆ ಬನ್ನಿ, ನೀರು ಕುಡೀರಿ.”

“ಒಲ್ಲೆವು ಬಿಡ್ರಿ” ಅಂದಳು ಅತ್ತೆ. “ಹಿಂಗ ಹಾದಿ ಹಿಡದ ಹೊಂಟಿದ್ವಿ.”

“ಓ, ಸರಿ ಹಾಗಾದ್ರೆ” ಅಂದವನೇ ಅವನು ಕೈ ಮುಗಿದು ಒಳಗೆ ಹೋಗಿಬಿಟ್ಟ.

ಅತ್ತೆ ಬಾಯಿ ತೆರೆದುಕೊಂಡು ಆ ಖಾಲಿ ಬಾಗಿಲನ್ನು ನೋಡಿದಳು. “ಹ್ವಾದನಲ್ಲ!” ಅಂದಳು. “ಮತ್ತೊಮ್ಮೆ ಕೇಳಲೇ ಇಲ್ಲಲ್ಲ!”

“ಅವ ಕೇಳೂದಿಲ್ಲತ್ತೀ. ಅವ ಒಮ್ಮೆ ಕೇಳ್ತಾನ. ನೀ ಇಲ್ಲೇ ನಿಂದರು, ಬಾಯಿ ತಗೀಬ್ಯಾಡ” ಅಂದು ನಾನು ಅವಳ ಹಿಡಿತದಿಂದ ರಟ್ಟೆ ಬಿಡಿಸಿಕೊಂಡು ಒಳಗೆ ಹೋದೆ. ಅತ್ತೆಗೆ ಬಾಯಿ ಮುಚ್ಚು ಅಂದದ್ದು ನನ್ನ ಜೀವಮಾನದಲ್ಲೇ ಮೊದಲು. ಆದರೆ ಅದನ್ನು ಯೋಚಿಸುವ ಪುರುಸೊತ್ತು ಇರಲಿಲ್ಲ.

ಅವನು ಹಂಡೆಯ ಮುಂದೆ ನಿಂತಿದ್ದ. ನಾನು ನೇರ ಅವನ ಎದುರು ಹೋಗಿ ನಿಂತೆ.

“ನನಗ ನೀರ ಬೇಕು.”

ಮಡಕೆಯಿಂದ ಬಗ್ಗಿಸಿ ಕೊಟ್ಟ. ಗಟಗಟ ಕುಡಿದೆ, ಅರ್ಧ ಕುಪ್ಪಸದ ಮೇಲೆ ಚೆಲ್ಲಿಕೊಂಡೆ. ಆಮೇಲೆ ಒಂದೇ ಉಸಿರಿಗೆ ಹೇಳಿದೆ.

“ನಾ ಅವತ್ತ ಒಲ್ಲೆ ಅಂದದ್ದು ಒಲ್ಲೆ ಅಂತ ಅಲ್ರಿ. ನಮ್ಮ ಕಡೆ ಚಾ ಕುಡೀರಿ ಅಂದ್ರೂ ಒಲ್ಲೆ ಅಂತೀವಿ. ಮತ್ತ ಕೇಳಬೇಕು. ನೀವು ಮತ್ತ ಕೇಳ್ಲೇ ಇಲ್ಲ!”

ಅವನು ನನ್ನನ್ನೇ ನೋಡಿದ. “ನಮ್ಮ ಕಡೆ ಒಲ್ಲೆ ಅನ್ನೋ ಮಾತನ್ನ ಯಾರೂ ಆಡಲ್ಲ” ಅಂದ ನಿಧಾನವಾಗಿ. “ನಾನು ಅದನ್ನ ಕೇಳಿದ್ದು ನಾಟಕದಲ್ಲಿ ಮಾತ್ರ. ರಾಜಕುಮಾರಿ ‘ಒಲ್ಲೆ’ ಅಂದ್ಲು ಅಂದ್ರೆ ಮುಗೀತು, ಪರದೆ ಬಿತ್ತು ಅಂತ. ಮನಸ್ಸಲ್ಲಿ ಒಲವು ಇಲ್ಲ ಅಂ‍ತ ತಾನೇ ಅದರ ಅರ್ಥ?”

ನಾನು ದಂಗಾದೆ. ರೊಟ್ಟಿಗೆ, ಚಹಕ್ಕೆ, ಬಳೆಗೆ ದಿನಾ ಎಸೆಯುತ್ತಿದ್ದ ಆ ಮಾತಿನೊಳಗೆ ಒಲವು ಕೂತಿದೆ ಅಂತ ನನಗೆ ಹೊಳೆದೇ ಇರಲಿಲ್ಲ. ಒಬ್ಬ ಮನುಷ್ಯನ ಮುಖಕ್ಕೆ ಮುಖ ಕೊಟ್ಟು ‘ನಿನ್ನ ಮೇಲೆ ಒಲವಿಲ್ಲ’ ಅಂದು, ಒಳಗೆ ಹೋಗಿ ಬೆಲ್ಲ ತಿಂದಿದ್ದೆ.

“ಹಂಗಾರ ಮತ್ತೊಮ್ಮೆ ಕೇಳ್ರಿ” ಅಂದೆ.

“ಇಲ್ಲ. ಇನ್ಯಾವತ್ತೂ ಕೇಳಲ್ಲ ಅಂತ ನಿಮಗೆ ಹೇಳಿದೀನಿ. ಬೇಡ ಅಂದವರನ್ನ ಮತ್ತೆ ಮತ್ತೆ ಕೇಳೋದು ನನಗೆ ಬರಲ್ಲ.” ಅವನ ದನಿ ಗಟ್ಟಿಯಾಗಿತ್ತು, ಹಂಡೆಯೊಳಗಿನ ಕೋಲನ್ನು ಮಾತ್ರ ಸುಮ್ಮಸುಮ್ಮನೆ ತಿರುವುತ್ತಿದ್ದ. “ಸಂಜೆ ನನ್ನ ಬಸ್ಸು. ನಿಮ್ಮ ಮನಸ್ಸಲ್ಲಿ ಏನಿದೆಯೋ ನೀವೇ ಹೇಳಿ.”

ಹೇಳುವುದೇನು ಸುಲಭವೆ? ಕೇಳಿದವರಿಗೆ ಬಿಟ್ಟುಕೊಡುವುದು ನನಗೆ ಗೊತ್ತಿತ್ತು, ನಾನಾಗಿ ಕೈ ಚಾಚುವುದು ಗೊತ್ತಿರಲಿಲ್ಲ. ಹೊರಗೆ ಅತ್ತೆ ಕೆಮ್ಮುತ್ತಿದ್ದಳು, ಬೇಡ ಅಂತಲೋ ಬೇಗ ಅಂತಲೋ ತಿಳಿಯಲಿಲ್ಲ.

“ಬೇಕು” ಅಂದೆ. ದನಿಯೇ ಹೊರಡಲಿಲ್ಲ. ಇನ್ನೊಮ್ಮೆ ಅಂದೆ. “ಬೇಕ್ರಿ. ನನಗ ನೀವು ಬೇಕು. ಬಂದ ದಿನದಿಂದ ಬೇಕು.”

ಅವನ ಕೈಯಿಂದ ಕೋಲು ಬಿಟ್ಟು ಹೋಯಿತು. ಹಸಿರು ನೂಲು ಹಂಡೆಯ ತಳ ಸೇರಿತು, ಅದನ್ನು ಎತ್ತುವ ಎಚ್ಚರ ಇಬ್ಬರಿಗೂ ಇರಲಿಲ್ಲ. ಅವನು ನಕ್ಕ. ನಮ್ಮ ಅಂಗಳವನ್ನೆಲ್ಲ ತುಂಬುತ್ತಿದ್ದ ಆ ನಗು, ಮುಂಡರಗಿಯ ಆ ಹೊಗೆಯಲ್ಲಿ! ನನಗೂ ನಗು ಬಂತು, ಅಳು ಬಂತು, ಎರಡೂ ಒಟ್ಟಿಗೇ. ಅವನು ತೋಳಿನಿಂದ ಮುಖ ಒರೆಸಿಕೊಂಡು ಹಣೆಗೆಲ್ಲ ಹಸಿರು ಬಳಿದುಕೊಂಡ.

“ಇರಿ. ಹಿರಿಯರನ್ನ ಕೇಳ್ಬೇಕು” ಅಂದವನೇ ನಾನು ತಡೆಯುವ ಮೊದಲೇ ಬಾಗಿಲಿನತ್ತ ಓಡಿದ.

ಆಗ ನನಗೆ ಹೊಳೆಯಿತು. ಹೊರಗೆ ನಿಂತಿರುವವಳು ನನ್ನ ಅತ್ತೆ. ಒಮ್ಮೆ ಕೇಳಿದ್ದಕ್ಕೆ ಹೂಂ ಅಂದವಳೇ ಅಲ್ಲ. ಕೇಳಲು ಹೋಗುತ್ತಿರುವವನು, ಒಮ್ಮೆ ಮಾತ್ರ ಕೇಳುವ ಮನುಷ್ಯ. ನಾನು ಹಿಂದೆ ಓಡಿದೆ. ಬಾಗಿಲಿಗೆ ಬರುವಷ್ಟರಲ್ಲಿ ಅವನು ಕೇಳಿ ಆಗಿತ್ತು.

“ಅಮ್ಮಾ, ನಿಮ್ಮ ಹುಡುಗೀನ ನನಗೆ ಕೊಡ್ತೀರಾ?”

ಅತ್ತೆ ಗಂಟನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಕಣ್ಣು ತಾನಾಗಿ ಆಕಾಶದ ಕಡೆ ಹೋಯಿತು, ಲಕ್ಷ್ಮೇಶ್ವರದ ಸಂತೆಯಲ್ಲಿ ಹೋಗುತ್ತಿದ್ದ ಹಾಗೆಯೇ. ತುಟಿಗಳು ದುಂಡಗಾದವು. ಆ ದುಂಡು ತುಟಿಯನ್ನು ನಾನು ನನ್ನ ಇಡೀ ಜನ್ಮದಲ್ಲಿ ನೋಡಿದ್ದೆ, ಅದರಿಂದ ಯಾವ ಮಾತು ಬರುತ್ತದೆಂದು ನನಗೆ ಗೊತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೆ.

“ಒ...” ಅಂದಳು ಅತ್ತೆ. ಆಮೇಲೆ ಗಂಟಿನೊಳಗಿಂದ ಬಂದ ಹಾಗೆ ದನಿ ಬಂತು.

“ಒಯ್ಯಪ್ಪಾ! ಒಯ್ಯಿ, ಈಗಿಂದೀಗ ಒಯ್ಯಿ! ಮತ್ತೊಮ್ಮೆ ಮಾತ್ರ ಕೇಳಬ್ಯಾಡ, ನನ್ನ ಬಾಯಿ ಮ್ಯಾಲ ನನಗ ನಂಬಿಕಿಲ್ಲ.”